ಪರದೇಶದವರ ಪಾಯಖಾನೆ

ದೇವದುರ್ಗದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಮಾನ್ವಿಗೆ ಸೊಸೆಯಾಗಿ ಬಂದ ಮುದುಕಮ್ಮ, ಹನ್ನೊಂದು ವರ್ಷದಿಂದ ರಾಯಚೂರಿನ ಒಂದು ಹಳೇ ಮೆಟ್ಟಿಲುಬಾವಿಯ ಕಸ ಗುಡಿಸುತ್ತಾಳೆ. ಬೆಳಿಗ್ಗೆ ಆರರ ಬಸ್ಸು ಹತ್ತಿದರೆ ತಿರುಗಿ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಹನಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿ? ಬೇಸಿಗೆಯಲ್ಲಿ ಉರಿಮೂತ್ರವಾಗಿ ಎರಡು ಸಲ ದವಾಖಾನೆ ಸೇರಿದ್ದಳು.

ಜಾಗವೇ ಇರಲಿಲ್ಲ ಎಂದರೆ ಸುಳ್ಳಾದೀತು. ಮೂರು ವರ್ಷದ ಹಿಂದೆ ಬಾವಿಯ ಪಕ್ಕದಲ್ಲೇ ಬಿಳಿ ಟೈಲ್ಸಿನ ಪಾಯಖಾನೆ ಎದ್ದಿತ್ತು. ‘ವಿದೇಶಿ ಪ್ರವಾಸಿಗರಿಗೆ ಮಾತ್ರ’ ಎಂಬ ಬೋರ್ಡಿತ್ತು. ಅದಕ್ಕೊಂದು ಬೀಗ, ಬೀಗದ ಕೈ ಬಾವಿ ನೋಡಿಕೊಳ್ಳುವ ಗುತ್ತಿಗೆದಾರನ ಸೂಪರ್‌ವೈಜರ್ ಕಿರಣಕುಮಾರನ ಸೊಂಟದಲ್ಲಿ.

“ಒಂದ್ ಸಲ ತೆಗೀರಿ ಸಾಹೇಬ್ರ, ನಾನೇ ತೊಳೀತೀನಿ.”

“ನೀ ಯಾವ ದೇಶದಾಕಿ ಬೇ? ಫಾರಿನ್ನಿನವ್ರು ಬಂದಾಗ ವಾಸನಿ ಹೊಡದ್ರ ಊರ ಮಾನ ಏನಾಗಬೇಕು?”

ಆ ಫಾರಿನ್ನಿನವರು ಬರುತ್ತಿದ್ದುದು ಪ್ರವಾಸಿಗರ ಲೆಕ್ಕದ ರಿಜಿಸ್ಟರಿನೊಳಗೆ ಮಾತ್ರ. ಸ್ವೆಟರ್ ಮಾರುವ ನೇಪಾಳದ ನಾಲ್ಕು ಸಂಸಾರ ಅದೇ ಓಣಿಯಲ್ಲಿ ಬಾಡಿಗೆಗಿದ್ದವು. ಅಂಗಡಿಗೆ ಹೋಗಲು ಬಾವಿಯ ಅಂಗಳವೇ ದಾರಿ. ಕಿರಣಕುಮಾರ ಅವರನ್ನು ಹೋದಾಗೊಮ್ಮೆ, ಬಂದಾಗೊಮ್ಮೆ ಬರೆದುಕೊಳ್ಳುತ್ತಿದ್ದ. ಚಹಾಕ್ಕೆ ಹೋದವನೂ ಒಬ್ಬ ವಿದೇಶಿ, ಬೀಡಿಗೆ ಬಂದವನೂ ಒಬ್ಬ ವಿದೇಶಿ. ಕೊರೊನಾದಲ್ಲಿ ವಿಮಾನಗಳು ನಿಂತು ಲೋಕವೆಲ್ಲ ಬಾಗಿಲು ಹಾಕಿಕೊಂಡಿತ್ತು. ಸ್ವೆಟರಿನವರು ಊರಿಗೆ ಹೋಗಲಾರದೆ ಇಲ್ಲೇ ಸಿಕ್ಕಿಬಿದ್ದು, ದಿನಕ್ಕೆ ಹತ್ತು ಸಲ ನೀರಿಗೆ ಅದೇ ಅಂಗಳ ದಾಟಿ ಓಡಾಡಿದರು. ಆ ವರ್ಷ ಇಲ್ಲಿಗೆ ಬಂದ ಪರದೇಶದವರು ಎರಡು ಪಟ್ಟು! ಪ್ರವಾಸೋದ್ಯಮ ಇಲಾಖೆಯ ಮೇಲಿನವರು ಹಿಗ್ಗಿ ಪಾಯಖಾನೆ ಮಂಜೂರು ಮಾಡಿದರು.

“ಹಂಗಾರ ಸ್ವೆಟರಿನವ್ರಿಗಾದ್ರೂ ತೆಗೀರಿ” ಎಂದಳು ಮುದುಕಮ್ಮ.

“ಅವ್ರು ಬರಿಯಾಕ ಫಾರಿನ್, ಹೋಗಾಕ ಅಲ್ಲ.”

ಈ ಜನವರಿಯಲ್ಲಿ ಅತಿ ಹೆಚ್ಚು ವಿದೇಶಿಯರನ್ನು ಸೆಳೆದ ತಾಣವೆಂದು ಸನ್ಮಾನ ಇಟ್ಟುಕೊಂಡರು. ಕಿರಣಕುಮಾರ ರಿಜಿಸ್ಟರನ್ನು ಬಗಲಲ್ಲಿಟ್ಟುಕೊಂಡು ಸಭೆಗೆ ಹೋದ. ಅಂದೇ ಬಂದಳು ಒಬ್ಬ ಹೆಂಗಸು, ನರೆಗೂದಲು, ಬಿಸಿಲಿಗೆ ಕೆಂಪಾದ ಮುಖ. ಬಾವಿಯತ್ತ ನೋಡಲೇ ಇಲ್ಲ. ಬೀಗ ನೋಡಿದಳು, ಹೊಟ್ಟೆ ಹಿಡಿದುಕೊಂಡಳು. ಭಾಷೆ ಬಾರದಿದ್ದರೂ ಆ ಸಂಕಟ ಮುದುಕಮ್ಮನಿಗೆ ಗೊತ್ತಿಲ್ಲದ್ದೇ? ಫೋನು ಹಚ್ಚಿದಳು.

“ಸಾಹೇಬ್ರ, ಫಾರಿನ್ನಿನಾಕಿ ಬಂದಾಳ್ರಿ.”

“ಯಾರು, ಸ್ವೆಟರಿನಾಕಿ ಏನು?”

“ಅಲ್ರಿ, ಖರೇ ಫಾರಿನ್ನಿನಾಕಿ. ಕೀಲಿಕೈ ಕಳಸ್ರಿ.”

“ಈಗ ಶಾಲು ಹೊದಿಸಾಕತ್ತಾರ. ತಡಕೋ ಅಂತ ಹೇಳು.”

“ಹನ್ನೊಂದ್ ವರ್ಷ ನಾ ತಡಕೊಂಡೀನ್ರಿ. ಆಕಿಗೆ ರೂಢಿ ಇಲ್ಲ.”

ಫೋನಿಟ್ಟು, ಬಾವಿಯ ಕಟ್ಟೆಯಿಂದ ಉದುರಿದ್ದ ಕಲ್ಲೊಂದನ್ನು ಎತ್ತಿ ಬೀಗಕ್ಕೆ ಹಾಕಿದಳು. ಮೂರನೇ ಏಟಿಗೆ ಬಾಯಿ ಬಿಟ್ಟಿತು. ಒಳಗೆ ನಲ್ಲಿ ಹೊಳೆಯುತ್ತಿತ್ತು, ತಿರುಗಿಸಿದರೆ ನೀರಿಲ್ಲ. ಪೈಪನ್ನೇ ಜೋಡಿಸಿರಲಿಲ್ಲ. ಓಣಿಯ ಬೋರಿನಿಂದ ಮುದುಕಮ್ಮನೇ ಎರಡು ಕೊಡ ತಂದಳು. ಒಂದು ಆ ಹೆಂಗಸಿಗೆ, ಒಂದು ತನಗೆ.

ಮರುದಿನ ಶಾಲು ಹೊದ್ದೇ ಬಂದ ಕಿರಣಕುಮಾರ ಮುರಿದ ಬೀಗ ಕಂಡು ಕಿರುಚಿದ. “ಯಾರು ಒಡದವ್ರು?”

“ನಾನ್ರಿ. ಹೊಸಾದು ಹಾಕ್ರಿ ಬೇಕಾದ್ರ. ಆ ನಾಲ್ಕೂ ಮನಿಯವ್ರನ್ನ ಕರಕೊಂಡು ಮ್ಯಾಲಿನವ್ರ ಮುಂದ ನಿಲ್ಲಸ್ತೀನಿ. ರಿಜಿಸ್ಟರ್ ಹಿಡಕೊಂಡು ತಲಿ ಎಣಸಲಿ.”

ಅವನು ಮುರಿದ ಬೀಗ ಜೇಬಿಗೆ ಹಾಕಿಕೊಂಡ. ಶಾಲು ತೆಗೆದು ಮಡಿಚುತ್ತ ನಿಂತ. ಮುದುಕಮ್ಮ ಚೆಂಬು ಎತ್ತಿ, ಅವನ ಎದುರಿಗೇ ಗಟಗಟ ನೀರು ಕುಡಿದಳು.