ಇಳಿದು, ಹತ್ತಿ, ಲ್ಯಾಂಬರ್ಟ್‌ವಿಲ್‌ವರೆಗೆ

ಮೆಟ್ರೋಪಾರ್ಕ್ ಸ್ಟೇಷನ್ನಿನ ಲಿಫ್ಟಿನಲ್ಲಿ ಎರಡು ಸೈಕಲ್ ಒಟ್ಟಿಗೆ ಹಿಡಿಸಲಿಲ್ಲ. ಇವರು ತಮ್ಮದನ್ನು ತೆಗೆದುಕೊಂಡು ಮೊದಲು ಮೇಲೆ ಹೋದರು. ಲಿಫ್ಟ್ ಕೆಳಗೆ ಬರುವಷ್ಟರಲ್ಲಿ ರೈಲೇ ಹೊರಟುಹೋದರೆ ಏನು ಗತಿ ಎಂದು ನಾನು ಬಟನ್ ಒತ್ತುತ್ತಲೇ ಇದ್ದೆ. ಮೇಲೆ ಹೋಗಿ ನೋಡಿದರೆ ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಇವರು ಬೆಂಚಿನ ಮೇಲೆ ಕೂತು ಟಿಕೆಟ್ ನೋಡಿಕೊಂಡು ನಗುತ್ತಿದ್ದರು. ಅರವತ್ತೆರಡು ತುಂಬಿದವರಿಗೆ ಅರ್ಧ ಟಿಕೆಟ್. ಇವರಿಗೆ ಈ ವರ್ಷವೇ ತುಂಬಿದೆ. ನನಗೆ ಇನ್ನೂ ನಾಲ್ಕು ವರ್ಷ ಬೇಕು.

"ನೋಡು, ಸೀನಿಯರ್ ಆಗೋದ್ರಲ್ಲೂ ಲಾಭ ಇದೆ" ಅಂದರು.

"ಚಿಕ್ಕ ಮಕ್ಕಳಿಗೂ ಅರ್ಧ ಟಿಕೆಟ್ಟೇ ರೀ" ಅಂದೆ.

ನಾವು ಮೋಜಿಗೆ ಹೊರಟದ್ದಲ್ಲ, ಪರೀಕ್ಷೆಗೆ. ಜೂನ್‌ನಲ್ಲಿ ಇವರೂ ಇವರ ಭಾನುವಾರದ ಸೈಕಲ್ ಗುಂಪಿನ ಮೂವರು ಗೆಳೆಯರೂ ಡ್ಯಾನ್ಯೂಬ್ ನದಿಯ ದಂಡೆ ಹಿಡಿದು ಜರ್ಮನಿಯ ಪಸಾವ್‌ನಿಂದ ವಿಯೆನ್ನಾದವರೆಗೆ ಸೈಕಲ್ ತುಳಿಯುವವರಿದ್ದರು. ಗುಂಪಿನ ಯಜಮಾನಿಕೆ ವಹಿಸಿಕೊಂಡಿದ್ದ ಪ್ರಕಾಶ್ ನಮ್ಮ ಮನೆಯ ಸೋಫಾದಲ್ಲಿ ಕೂತು, ನಾನು ಮಾಡಿದ ಉಪ್ಪಿಟ್ಟನ್ನೇ ತಿನ್ನುತ್ತಾ, "ವಸುಧಾ ಅವರು ಬೋಟಲ್ಲಿ ಬರಲಿ. ಹೇಗೂ ನಮ್ಮ ಲಗೇಜೆಲ್ಲ ಬೋಟಲ್ಲೇ ಹೋಗತ್ತೆ. ಸಂಜೆ ಹೋಟೆಲಲ್ಲಿ ಸಿಗ್ತಾರೆ" ಅಂದಿದ್ದರು. ಸೂಟ್‌ಕೇಸುಗಳ ಸಾಲಿನಲ್ಲಿ ನಾನೂ ಒಂದು! ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನೂ ತುಳಿಯುತ್ತೇನೆ ಎಂದು ಹಟ ಹಿಡಿದೆ. ಕೊನೆಗೆ ಇವರು ಒಂದು ಷರತ್ತು ಹಾಕಿದರು. ನ್ಯೂ ಬ್ರನ್ಸ್‌ವಿಕ್‌ನಿಂದ ಟ್ರೆಂಟನ್‌ವರೆಗೆ ಹಳೆಯ ಕಾಲುವೆಯ ದಂಡೆ, ಅಲ್ಲಿಂದ ಡೆಲಾವೇರ್ ನದಿಯ ಪಕ್ಕದ ಕಾಲುವೆ ಹಿಡಿದು ಲ್ಯಾಂಬರ್ಟ್‌ವಿಲ್. ಒಟ್ಟು ಐವತ್ತು ಮೈಲಿ ಚಿಲ್ಲರೆ. ಎರಡನೇ ದಿನ ಕತ್ತಲಾಗುವುದರೊಳಗೆ ಸೈಕಲ್ ಮೇಲೆ ಅಲ್ಲಿಗೆ ಮುಟ್ಟಿದರೆ ಡ್ಯಾನ್ಯೂಬಿಗೆ ನನಗೂ ಒಂದು ಸೈಕಲ್. ಇಲ್ಲದಿದ್ದರೆ ಬೋಟು.

ನ್ಯೂ ಬ್ರನ್ಸ್‌ವಿಕ್‌ನಲ್ಲಿ ಇಳಿದಾಗ ಮೋಡ ಕವಿದಿತ್ತು. ಮೇ ತಿಂಗಳಾದರೂ ಸ್ವೆಟರ್ ಬೇಕೆನಿಸುವ ಚಳಿ. ಊರು ದಾಟಿ ಕಾಲುವೆ ಸೇರಿದ ಕೂಡಲೇ ಕಾರುಗಳ ಸದ್ದು ಹಿಂದೆ ಉಳಿಯಿತು. ಒಂದು ಕಾಲಕ್ಕೆ ಕಲ್ಲಿದ್ದಲಿನ ದೋಣಿಗಳನ್ನು ಹೇಸರಗತ್ತೆಗಳು ಎಳೆದುಕೊಂಡು ನಡೆಯುತ್ತಿದ್ದ ದಾರಿಯಂತೆ. ಈಗ ಸಣ್ಣ ಜಲ್ಲಿ ಹಾಸಿದ್ದಾರೆ. ಒಂದು ಕಡೆ ಅಲುಗದ ಹಸಿರು ನೀರು, ಇನ್ನೊಂದು ಕಡೆ ಮರಗಳ ಸಂದಿಯಲ್ಲಿ ಹರಿಯುವ ಹೊಳೆ. ನೀರಿಗೆ ಬಿದ್ದ ಮರದ ಮೇಲೆ ಆಮೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು, ಗ್ರೂಪ್ ಫೋಟೋಗೆ ನಿಲ್ಲಿಸಿದ ಹಾಗೆ. ಮೈಲಿಗೊಂದು ಗಿಡ್ಡ ಕಲ್ಲಿತ್ತು. ಅದರ ಮೇಲೆ ಎರಡು ಅಂಕಿ, ಬಂದ ದಾರಿ ಎಷ್ಟು, ಹೋಗುವ ದಾರಿ ಎಷ್ಟು. ನಾನು ಹೋಗುವ ದಾರಿಯ ಅಂಕಿಯನ್ನು ಮಾತ್ರ ನೋಡುತ್ತಿದ್ದೆ.

ತೊಂದರೆ ಕಾಲಿನದಲ್ಲ. ಕಳೆದ ಚಳಿಗಾಲವೆಲ್ಲ ಬೇಸ್‌ಮೆಂಟಿನಲ್ಲಿ ನಿಂತಲ್ಲೇ ತಿರುಗುವ ಸೈಕಲ್ ತುಳಿದು ತುಳಿದು ಕಾಲು ಗಟ್ಟಿಯಾಗಿತ್ತು. ತೊಂದರೆ ಬಂದದ್ದು ಎದುರಿನಿಂದ. ಬಿಳಿ ಕೂದಲಿನ ಅಜ್ಜ ಒಬ್ಬರು ನಾಯಿ ಹಿಡಿದುಕೊಂಡು ಬಂದರು. ನನಗೆ ಗೊತ್ತಾಗುವ ಮೊದಲೇ ಬ್ರೇಕ್ ಹಾಕಿ ಕೆಳಗೆ ಇಳಿದು, ಸೈಕಲನ್ನು ಪಕ್ಕಕ್ಕೆ ಹಿಡಿದು ನಿಂತಿದ್ದೆ. ಮೈಸೂರಿನಲ್ಲಿ ಹನ್ನೊಂದನೇ ವಯಸ್ಸಿಗೆ ಅಪ್ಪ ಸೈಕಲ್ ಕೊಡಿಸಿದಾಗ ಹಾಕಿದ್ದ ನಿಯಮ ಒಂದೇ: ದೊಡ್ಡವರು ಎದುರಾದರೆ ಇಳಿಯಬೇಕು. ಕಾನ್ವೆಂಟಿನ ಗೇಟಿನಲ್ಲಿ ಸಿಸ್ಟರ್‌ಗಳ ನಿಯಮವೂ ಅದೇ. ಇಳಿದು, ಸೈಕಲ್ ಎಡಕ್ಕೆ ಹಿಡಿದು, "ಗುಡ್ ಮಾರ್ನಿಂಗ್, ಸಿಸ್ಟರ್." ಮದುವೆಯಾದ ಮೇಲೆ ಸೈಕಲ್ ಬಿಟ್ಟೆ. ಇಳಿಯುವ ಅಭ್ಯಾಸ ಮಾತ್ರ ಕಾಲಿನೊಳಗೇ ಕೂತಿತ್ತು.

ವಾರದ ದಿನ ಕಾಲುವೆ ದಂಡೆಯಲ್ಲಿ ನಡೆಯುವವರು ಯಾರು? ಎಲ್ಲರೂ ರಿಟೈರ್ ಆದವರೇ! ಒಬ್ಬರಾದ ಮೇಲೆ ಒಬ್ಬರು ಬಂದರು, ನಾನು ಇಳಿದೆ. ಇಳಿಯುವುದಾದರೂ ಸುಲಭ, ಮತ್ತೆ ಹತ್ತಲು ನನಗೆ ಕಾಲಿಡಲು ಏನಾದರೂ ಎತ್ತರ ಬೇಕು. ಮುಂದಿನ ಮೈಲಿಗಲ್ಲೋ ಸೇತುವೆಯ ಕಟ್ಟೆಯೋ ಸಿಗುವ ತನಕ ತಳ್ಳಿಕೊಂಡು ನಡೆಯಬೇಕು. ಮುಂದೆ ಹೋಗಿದ್ದ ಇವರು ತಿರುಗಿ ಬಂದರು.

"ಪಂಕ್ಚರ್ ಆಯ್ತಾ?"

"ಇಲ್ಲ. ಒಬ್ಬರು ಅಜ್ಜಿ ಬಂದ್ರು."

"ಯಾವ ಅಜ್ಜಿ? ನಿಮ್ಮೂರವರಾ?"

"ಅಲ್ಲ ರೀ. ಎದುರಿಗೆ ಬಂದ್ರು, ಇಳಿದೆ."

ಇವರು ನನ್ನನ್ನೇ ನೋಡಿದರು. "ವಸು, ಹೀಗೆ ಕಂಡ ಕಂಡ ಅಜ್ಜಿಯರಿಗೆಲ್ಲ ಇಳೀತಾ ಹೋದ್ರೆ ವಿಯೆನ್ನಾ ಮುಟ್ಟೋದು ಮುಂದಿನ ಜನ್ಮಕ್ಕೆ."

ಗ್ರಿಗ್ಸ್‌ಟೌನ್ ಹತ್ತಿರ ಹಿಂದೆ ದೋಣಿಗಳನ್ನು ಏರಿಸಿ ಇಳಿಸುತ್ತಿದ್ದ ಹಳೆಯ ಲಾಕ್‌ನ ಪಕ್ಕ ಗೊಜ್ಜವಲಕ್ಕಿ ತಿಂದೆವು. ಇವರು ಕೂತು ನಿಧಾನವಾಗಿ ತಿಂದರು. ನಾನು ನಿಂತೇ ತಿಂದೆ. ಅಲ್ಲಿಂದ ಹೊರಟು ಸ್ವಲ್ಪ ದೂರಕ್ಕೆ ನೇರಳೆ ಜಾಕೆಟ್ಟಿನ ಹೆಂಗಸೊಬ್ಬರು ಎದುರಾದರು, ನಾನು ಇಳಿದೆ. ಅವರು ಹತ್ತಿರ ಬಂದು, "ಆರ್ ಯೂ ಓಕೆ, ಹನಿ?" ಅಂದರು. ಏನೂ ಆಗಿಲ್ಲ, ನಮ್ಮ ಕಡೆ ಹಿರಿಯರಿಗೆ ಹೀಗೆ ಇಳಿಯುತ್ತೇವೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಸೊಂಟದ ಮೇಲೆ ಕೈ ಇಟ್ಟು ನನ್ನ ವಯಸ್ಸು ಕೇಳಿದರು. ಐವತ್ತೆಂಟು ಎಂದೆ. "ನನಗೆ ಐವತ್ತಾರು!" ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ತಾವೇ ದಾರಿಯ ಪಕ್ಕಕ್ಕೆ ಸರಿದು, ರಾಣಿಗೆ ಬಗ್ಗುವ ಹಾಗೆ ಬಗ್ಗಿ, ನನಗೆ ದಾರಿ ಬಿಟ್ಟರು. ನಾಚಿಕೆಯಿಂದ ಹತ್ತಲು ಕಲ್ಲು ಹುಡುಕುವುದೂ ಮರೆತು ಬಹಳ ದೂರ ತಳ್ಳಿಕೊಂಡೇ ನಡೆದೆ.

ಲಾರೆನ್ಸ್‌ವರೆಗೆ ಹೋಗಬೇಕಾದವರು ಸಂಜೆಗೆ ಪ್ರಿನ್ಸ್‌ಟನ್ನಿನಲ್ಲೇ ನಿಂತೆವು. ಕಾದಿರಿಸಿದ ಹೋಟೆಲ್ ಬಿಟ್ಟು ಬೇರೆ ಹುಡುಕಬೇಕಾಯಿತು. ಹಿಕ್ಸ್‌ವಿಲ್‌ನಲ್ಲಿರುವ ಮಗಳು ಅನಘಾ ಫೋನ್ ಮಾಡಿದಳು. ಮರುದಿನ ಲ್ಯಾಂಬರ್ಟ್‌ವಿಲ್‌ಗೆ ಕಾರು ತರುವವಳು ಅವಳೇ. ಎಲ್ಲ ಕೇಳಿ, "ಅಮ್ಮಾ, ಜಸ್ಟ್ ರೈಡ್ ಪಾಸ್ಟ್ ದೆಮ್. ನೋಬಡಿ ಕೇರ್ಸ್" ಅಂದಳು. ನನಗೆ ಕೇರ್ ಇದೆಯಲ್ಲ ಎನ್ನಬೇಕೆನಿಸಿತು. ಪಕ್ಕದಲ್ಲಿ ಇವರು ಬೋಟಿನ ಚಿತ್ರಗಳನ್ನು ತೋರಿಸುತ್ತಿದ್ದರು. "ನೋಡು, ಡೆಕ್ ಮೇಲೆ ಕುರ್ಚಿ ಹಾಕಿರ್ತಾರೆ. ಕಾಫಿ ಕೊಡ್ತಾರೆ." ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಇನ್ನೂ ಉರಿಯಿತು.

ಬೆಳಿಗ್ಗೆ ಅಲಾರಂಗೆ ಮೊದಲೇ ಎದ್ದು ಹೆಲ್ಮೆಟ್ ಹಾಕಿಕೊಂಡು ಕೂತಿದ್ದೆ. ಇವತ್ತು ಇಳಿಯುವುದಿಲ್ಲ ಎಂದು ನಿರ್ಧರಿಸಿದ್ದೆ. ಮೊದಲ ಅಜ್ಜ ಎದುರಾದಾಗ ಹ್ಯಾಂಡಲ್ ಬಿಗಿಯಾಗಿ ಹಿಡಿದು ಬೆಲ್ ಹೊಡೆದೆ. ಕಿವಿ ಬಿಸಿಯಾಯಿತು. ಅಪ್ಪ ಎಲ್ಲೋ ಮರದ ಹಿಂದೆ ನಿಂತು ನೋಡುತ್ತಿರುವ ಹಾಗೆ ಅನ್ನಿಸಿತು. ಅಜ್ಜ ಮಾತ್ರ ಕೈ ಬೀಸಿ "ಗುಡ್ ಮಾರ್ನಿಂಗ್" ಅಂದರು. ಎರಡನೆಯವರಿಗೆ ಕಿವಿ ಅಷ್ಟು ಬಿಸಿಯಾಗಲಿಲ್ಲ. ಆಮೇಲೆ ಬಂದವರಿಗೆಲ್ಲ ನಾನೇ ಮೊದಲು "ಗುಡ್ ಮಾರ್ನಿಂಗ್" ಅಂದೆ, ಸೀಟಿನ ಮೇಲಿಂದಲೇ.

ಟ್ರೆಂಟನ್ನಿನಲ್ಲಿ ಕಾಲುವೆ ಊರೊಳಗೆ ಹೊಕ್ಕು, ಮನೆಗಳ ಹಿತ್ತಲು, ಹೆದ್ದಾರಿಯ ಕೆಳಗೆಲ್ಲ ಸುತ್ತಿತು. ಎರಡು ಸಲ ದಾರಿ ತಪ್ಪಿದೆವು. ಒಂದು ಅಂಗಡಿಯಲ್ಲಿ ಕಾಫಿ ಕುಡಿದು ಇವರು ಸ್ವಲ್ಪ ಕೂರೋಣ ಅಂದರು. "ಕೂತ್ಕೊಳ್ಳೋದು ಬೋಟಲ್ಲಿ" ಎಂದು ನಾನು ಎದ್ದೆ. ಊರು ದಾಟಿದ ಮೇಲೆ ಬಿಸಿಲು ಬಂತು, ಎಡಕ್ಕೆ ಡೆಲಾವೇರ್ ಅಗಲವಾಗಿ ಕಂಡಿತು. ಕಾಲುವೆ ನಮ್ಮ ಎದುರಿಗೆ ಹರಿಯುತ್ತಿತ್ತು, ಗಾಳಿಯೂ ಎದುರಿನದೇ. ಹಿಂದಿನ ದಿನದ ಬಾಕಿ ಮೈಲಿಗಳೂ ಸೇರಿ ದಾರಿ ಮುಗಿಯುವಂತಿರಲಿಲ್ಲ. ಒಂದು ಕಡೆ ಹೆಬ್ಬಾತುಗಳು ಹಳದಿ ಮರಿಗಳನ್ನು ಕಟ್ಟಿಕೊಂಡು ದಾರಿಗೆ ಅಡ್ಡ ನಿಂತು ಬುಸುಗುಟ್ಟಿದವು. ಇವರು ಮರಿಗಳಿಂದ ದೂರವಾಗಿ ನುಸುಳಿಕೊಂಡು, ಗಂಡು ಬಾತು ಅಟ್ಟಿಸಿಕೊಂಡು ಬಂದದ್ದಕ್ಕೆ ಜೋರಾಗಿ ತುಳಿದು ಕಣ್ಮರೆಯಾದರು. ನಾನು ಅವು ನೀರಿಗೆ ಇಳಿಯುವ ತನಕ ಚಡಪಡಿಸುತ್ತಾ ಕಾದೆ.

ಆಮೇಲೆ ಒಬ್ಬಳೇ ತುಳಿದೆ. ಸೂರ್ಯ ಹೊಳೆಯಾಚೆಯ ಪೆನ್ಸಿಲ್ವೇನಿಯಾ ಗುಡ್ಡಕ್ಕೆ ತಾಗುತ್ತಿದ್ದ. ಇನ್ನು ಅರ್ಧ ಮೈಲಿ ಇರಬಹುದು. ದೂರದಲ್ಲಿ, ಕಾಲುವೆಯ ಕಲ್ಲುಕಟ್ಟೆಯ ಮೇಲೆ ಬಿಳಿ ತಲೆಯ ಮುದುಕರೊಬ್ಬರು ಬೆನ್ನು ಬಗ್ಗಿಸಿ ಕೂತಿದ್ದರು. ಬೆಲ್ ಹೊಡೆಯಲು ಬೆರಳು ಇಟ್ಟೆ. ಬೆಳಗಿನಿಂದ ಎಷ್ಟೊಂದು ಜನರನ್ನು ದಾಟಿ ಬಂದವಳು. ಯಾಕೋ ಆ ಮುದುಕರ ಹತ್ತಿರ ಬರುವಾಗ ಕಾಲು ನನ್ನ ಮಾತು ಕೇಳಲಿಲ್ಲ. ಇಳಿದುಬಿಟ್ಟೆ.

ಮುದುಕರು ತಲೆ ಎತ್ತಿದರು. ಇವರೇ! ಹೆಲ್ಮೆಟ್ ಪಕ್ಕದಲ್ಲಿತ್ತು. ಮೀನಖಂಡ ಹಿಡಿದುಕೊಂಡಿತ್ತಂತೆ, ಎರಡೂ ಕೈಯಲ್ಲಿ ಉಜ್ಜುತ್ತಿದ್ದರು.

"ಅಂತೂ ನನಗೂ ಇಳಿದೆಯಲ್ಲ" ಅಂದರು.

"ಬಾತು ಕಚ್ಚಿತಾ?"

"ಕಚ್ಚಲಿಲ್ಲ. ಅದಕ್ಕೆ ಹೆದರಿ ತುಳಿದಿದ್ದಕ್ಕೆ ಹೀಗಾಯ್ತು. ಪ್ರಕಾಶ್‌ಗೆ ಹೇಳಬೇಡ."

ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ಉಳಿದಿತ್ತು, ಕುಡಿಸಿದೆ. ಕಾಲು ಉಜ್ಜಿದೆ. ಸ್ವಲ್ಪ ಹೊತ್ತಿಗೆ ಸಡಿಲವಾಯಿತು. ಇವರು ಗುಡ್ಡದ ಕಡೆ ನೋಡಿ, ನನ್ನ ಕಡೆ ನೋಡಿದರು. "ನೀನು ನಡಿ. ಕತ್ತಲಾಗತ್ತೆ. ನಾನು ನಿಧಾನಕ್ಕೆ ತಳ್ಳಿಕೊಂಡು ಬರ್ತೀನಿ."

ನಾನು ಸುತ್ತ ನೋಡಿದೆ. ಅಲ್ಲಿ ಹತ್ತಲು ಬೇರೆ ಎತ್ತರವೇ ಇರಲಿಲ್ಲ.

"ಹಾಗಾದ್ರೆ ಸ್ವಲ್ಪ ಏಳಿ" ಅಂದೆ. "ನನಗೆ ಆ ಕಟ್ಟೆ ಬೇಕು."

ಇವರು ಎದ್ದು, ಒಂದು ಕೈಯಲ್ಲಿ ನನ್ನ ಸೈಕಲ್ ಹಿಡಿದರು. ನಾನು ಹತ್ತಿದೆ.

ಲ್ಯಾಂಬರ್ಟ್‌ವಿಲ್‌ನ ಸೇತುವೆಯ ಹತ್ತಿರ ಅನಘಾ ಕಾರಿಗೆ ಒರಗಿ ನಿಂತಿದ್ದಳು. ಗುಡ್ಡದ ನೆತ್ತಿಯಲ್ಲಿ ಇನ್ನೂ ಬೆಳಕಿತ್ತು. "ಅಮ್ಮಾ! ಯು ಮೇಡ್ ಇಟ್! ವೇರ್ ಈಸ್ ಅಪ್ಪ?" ಅಂದಳು. ಸೀಟಿನಿಂದ ಇಳಿಯದೆ, ಒಂದು ಕಾಲನ್ನು ಕಾರಿನ ಬಂಪರಿಗೆ ಕೊಟ್ಟು, ಹಿಂದೆ ತಿರುಗಿ ನೋಡಿದೆ. ದೂರದಲ್ಲಿ, ಕಾಲುವೆಯ ದಂಡೆಯಲ್ಲಿ ಇವರು ಸೈಕಲನ್ನು ಎಡಕ್ಕೆ ಹಿಡಿದು ನಡೆದು ಬರುತ್ತಿದ್ದರು, ಎದುರಿಗೆ ಯಾರೋ ದೊಡ್ಡವರು ಬರುತ್ತಿದ್ದಾರೇನೋ ಅನ್ನುವ ಹಾಗೆ. ನಾನು ಬೆಲ್ ಹೊಡೆದೆ.