ಎರಡನೆಯ ಸಲ ಕರೆಸಿಕೊಂಡ ನೆವಿಲ್

ಮದುವೆಯಾದ ನಲವತ್ತೊಂದು ವರ್ಷದಲ್ಲಿ ನನ್ನ ಗಂಡ ನೆವಿಲ್‌ನ ಬಾಯಿಂದ "ತಪ್ಪಾಯ್ತು" ಅನ್ನುವ ಮಾತನ್ನು ನಾನು ಕೇಳಿರಲಿಲ್ಲ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ನಮ್ಮ ಬೀದಿಗೆಲ್ಲ ಅವನೇ ಪ್ಲಂಬರ್. ತಾನು ಮಾಡಿದ ಕೆಲಸಕ್ಕೆ ಯಾರೂ ಎರಡನೆಯ ಸಲ ಕರೆಸಿಲ್ಲ ಎಂಬುದು ಅವನ ಜಂಬ. ಊಟಕ್ಕೆ ಕೂತರೂ ಅದೇ ಮಾತು, ಪಬ್ಬಿಗೆ ಹೋದರೂ ಅದೇ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಹೋದ ವರ್ಷ ಅವನಿಗೆ ಅರವತ್ತಾರು ತುಂಬಿತು. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಕನ್ನಡಕವನ್ನು ಬೋಳುತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಿದ್ದ. ಇನ್ನು ಸಾಕು ಮಾಡು ಅಂತ ಮಗಳು ಹೇಳಿದಾಗಲೆಲ್ಲ ಒಂದೇ ಉತ್ತರ: "ಯಾರಾದ್ರೂ ಎರಡನೇ ಸಲ ಕರೆಸ್ಲಿ, ಅವತ್ತೇ ಸ್ಪ್ಯಾನರ್ ಚೀಲ ಕೆಳಗಿಡ್ತೀನಿ."

ಕರೆಸಿದ್ದು ಕ್ರಾಬ್‌ಟ್ರೀ ಮಿಸ್. ಐದು ವರ್ಷದ ನೆವಿಲ್‌ಗೆ ಅಕ್ಷರ ಕಲಿಸಿದವರು, ಈಗ ಎಂಬತ್ತೆಂಟು. ಇವನಿಗೆ ಅವರು ಇವತ್ತಿಗೂ ಬರೀ "ಮಿಸ್". ಅವರ ಮನೆಯೊಳಗೆ ಹೋಗುವ ಮುಂಚೆ ಮೂರು ಸಲ ಬೂಟು ಒರೆಸುತ್ತಾನೆ. ನನ್ನ ಅಡುಗೆಮನೆಗೆ ಒಂದು ಸಲವೂ ಒರೆಸಿದವನಲ್ಲ.

ಅವರ ಮನೆಯಲ್ಲಿ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳು ಹಳೇ ಕಬ್ಬಿಣದವು. ಬಾಯ್ಲರ್ ಹಚ್ಚಿದರೆ ಎಲ್ಲ ಕೋಣೆಯೂ ಬೇಯುತ್ತಿತ್ತು, ಆರಿಸಿದರೆ ಎಲ್ಲವೂ ನಡುಗುತ್ತಿತ್ತು. ಅಕ್ಟೋಬರಿನಲ್ಲಿ ನೆವಿಲ್ ಎರಡು ದಿನ ಕೂತು ನೀರೆಲ್ಲ ಖಾಲಿ ಮಾಡಿ, ಐದು ಕೋಣೆಯ ರೇಡಿಯೇಟರಿಗೂ ಹೊಸ ವಾಲ್ವ್ ಹಾಕಿದ. ಕೋಣೆ ಬೇಕಾದಷ್ಟು ಬೆಚ್ಚಗಾದ ಕೂಡಲೇ ತಾನೇ ಬಿಸಿನೀರು ತಡೆಯುವ ವಾಲ್ವ್ ಅದು. ಬಾಗಿಲ ಬಳಿಯ ಹಜಾರದ್ದನ್ನು ಮಾತ್ರ ಮುಟ್ಟಲಿಲ್ಲ. ಬಾಯ್ಲರನ್ನು ಆಳುವ ಥರ್ಮೋಸ್ಟಾಟ್ ಅಲ್ಲೇ ಗೋಡೆಯ ಮೇಲಿತ್ತು. "ಒಂದೇ ಜಾಗದಲ್ಲಿ ಇಬ್ರು ಯಜಮಾನ್ರು ಬೇಡ ಮಿಸ್, ಕಿತ್ತಾಡ್ತಾರೆ" ಅಂದನಂತೆ.

ನಾಲ್ಕನೆಯ ದಿನ ಫೋನು ಬಂತು. ಹಜಾರ ಬಿಟ್ಟು ಮನೆಯೆಲ್ಲ ತಣ್ಣಗೆ ಕೊರೆಯುತ್ತಿದೆ!

ನೆವಿಲ್ ಮರುದಿನ ಹೋದ. ಅವನು ಹೋಗಿ ಟೀ ಕುಡಿಯುವಷ್ಟರಲ್ಲಿ ಎಲ್ಲ ರೇಡಿಯೇಟರುಗಳೂ ಸುಡುತ್ತಿದ್ದವು. "ನಿನ್ನ ಕಂಡ್ರೆ ಅವಕ್ಕೆ ಭಯ ಕಣೋ" ಅಂದರು ಮಿಸ್. ಅವನು ಮನೆಗೆ ಬಂದ, ಎರಡು ದಿನಕ್ಕೆ ಮತ್ತೆ ಫೋನು. ಹೀಗೆ ಮೂರು ಸಲ. ಮೂರನೆಯ ಸಲ ಎಲ್ಲ ವಾಲ್ವುಗಳ ತಲೆ ಬಿಚ್ಚಿ, ಒಳಗಿನ ಕಡ್ಡಿಯನ್ನು ಒತ್ತಿ ನೋಡಿದ. ಎಲ್ಲವೂ ಸರಿಯಾಗಿಯೇ ಪುಟಿಯುತ್ತಿದ್ದವು.

ಆ ಸಂಜೆ ನೆವಿಲ್ ಪುಡಿಂಗ್ ಮುಟ್ಟಲಿಲ್ಲ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟ.

"ಇದೇನು ಅಂಗಡಿ ತೆಗೆದಿದ್ದೀಯಾ?" ಅಂದೆ.

"ಪ್ಲಂಬಿಂಗ್ ಕಲಿಸೋ ಕಾಲೇಜಿಗೆ ಕೊಟ್ಬಿಡ್ತೀನಿ. ಕೈ ಕೆಟ್ಟೋಯ್ತು ಕಣೇ ಜಾಯ್ಸ್. ಎಲ್ಲಿ ತಪ್ಪಿದೀನಿ ಅಂತಾನೂ ಕಾಣ್ತಿಲ್ಲ."

ಇಷ್ಟು ವರ್ಷ ನಾನು ಆಡಿಕೊಂಡು ನಗುತ್ತಿದ್ದ ಆ ಹಾಳು ಜಂಬವನ್ನು ಇನ್ನೊಂದು ಸಲ ಕೇಳಿದರೆ ಸಾಕಿತ್ತು.

ಮಂಗಳವಾರ ಶುಂಠಿ ಕೇಕು ಹಿಡಿದು, ಹೇಳದೆ ಕೇಳದೆ ಮಿಸ್ ಮನೆಗೆ ಹೋದೆ. ಮಂಗಳವಾರ ಅಲ್ಲಿ ಹೆಣಿಗೆಯವರು ಸೇರುತ್ತಾರೆ. ಎಂಟು ಹೆಂಗಸರು ಕೋಟು ತೊಟ್ಟುಕೊಂಡು, ಮನೆಯಲ್ಲಿ ಕೊಂಚವಾದರೂ ಬೆಚ್ಚಗಿದ್ದ ಹಜಾರದ ಮೆಟ್ಟಿಲಿನ ಮೇಲೆ ಸಾಲಾಗಿ ಕೂತು ಹೆಣೆಯುತ್ತಿದ್ದರು. ಮುಂದಿನ ಕೋಣೆಗೆ ಇಣುಕಿದೆ. ಅಲ್ಲಿ ಟೀ ಪಾಟಿಗೆ ಉಣ್ಣೆಯ ಅಂಗಿ, ಬಿಸಿನೀರಿನ ಚೀಲಕ್ಕೆ ಅಂಗಿ. ಕಿಟಕಿಯ ಕೆಳಗೆ ನೆವಿಲ್ ಹಾಕಿದ ವಾಲ್ವಿನ ತಲೆಗೆ ಕುಚ್ಚಿರುವ ಕೆಂಪು ಉಣ್ಣೆಯ ಟೋಪಿ!

"ಐದಕ್ಕೂ ಹೆಣೆದಿದೀನಿ" ಅಂದರು ಮಿಸ್. "ಪಾಪ, ಕಿಟಕಿ ಗಾಳಿಗೆ ಕೂತಿರ್ತಾವಲ್ಲ. ನೆವಿಲ್ ಬರ್ತಾನೆ ಅಂದ್ರೆ ಮಾತ್ರ ತೆಗೆದಿಡ್ತೀನಮ್ಮ. ಅವನ ಹೊಳೆಯೋ ಕೆಲಸ ಅವನ ಕಣ್ಣಿಗೆ ಬೀಳ್ಬೇಡ್ವಾ?"

ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಓಡಿದೆ. ಟೋಪಿಯೊಳಗಿನ ಸೆಕೆಗೆ ಆ ವಾಲ್ವುಗಳು ಕೋಣೆಯೇ ಬೆಂದುಹೋಯಿತು ಅಂತ ತಿಳಿದು ನೀರು ನಿಲ್ಲಿಸುತ್ತಿದ್ದವು. ಹೇಳಿದ್ದೇ ತಡ, ನೆವಿಲ್ ಕುರ್ಚಿಯಲ್ಲಿ ಕುಸಿದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೂ ಕಣ್ಣು ಒರೆಸುತ್ತಲೇ ಇದ್ದ. ಆ ನೀರು ನಗುವಿನದಷ್ಟೇ ಅಲ್ಲ ಅಂತ ನನಗೆ ಗೊತ್ತಾಯಿತು.

ಕೋಟು ಹಾಕಿಕೊಂಡು ಹೊರಟ. ಇನ್ನು ಬೀದಿಗೆಲ್ಲ ಡಂಗುರ ಸಾರುತ್ತಾನೆ, ಮಿಸ್ ಮಾನ ಹೋಯಿತು ಅಂದುಕೊಂಡು ನಾನೂ ಹಿಂದೆಯೇ ಹೋದೆ.

ಮೂರು ಸಲ ಬೂಟು ಒರೆಸಿದ. ಎಂಟು ಹೆಂಗಸರ ಎದುರಿಗೆ ಕೈಕಟ್ಟಿ ನಿಂತ.

"ಮಿಸ್, ತಪ್ಪಾಯ್ತು. ಈ ವಾಲ್ವು ಕೋಣೆ ಗಾಳೀನ ಮುಟ್ಟಿ ನೋಡ್ಬೇಕು, ಅದರ ತಲೆ ಬೋಳಾಗೇ ಇರ್ಬೇಕು, ನನ್ನ ಥರ. ಹಾಕಿದ ದಿನಾನೇ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ."

ಮಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಪೂರ್ತಿ ಪಾಠ ಒಪ್ಪಿಸ್ದೇ ಓಡೋಗೋನು ನೀನು, ಮೊದಲಿಂದ್ಲೂ. ಈಗ ಟೋಪಿಗಳನ್ನ ಏನು ಮಾಡ್ಲೋ?"

"ನಂಗೆ ಕೊಡಿ ಮಿಸ್. ಬೆಳಗ್ಗೆ ಬೇಯಿಸಿದ ಮೊಟ್ಟೆ ಬೇಗ ಆರೋಗತ್ತೆ, ಅದಕ್ಕೆ ತೊಡಿಸ್ತೀನಿ."

ಮನೆಗೆ ಬಂದವನೇ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದ. ಕಾಲೇಜಿನ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗಲೂ ಪಬ್ಬಿನಲ್ಲಿ ಅದೇ ಜಂಬ, ಕೊಂಚ ಬದಲಾಗಿದೆ ಅಷ್ಟೆ: "ಇಡೀ ಜೀವಮಾನದಲ್ಲಿ ಒಂದೇ ಒಂದು ಕೆಲಸಕ್ಕೆ ಮತ್ತೆ ಕರೆಸಿದ್ರು. ತಪ್ಪು ನಂದೇ." ಏನು ತಪ್ಪು ಅಂತ ಯಾರು ಕೆದಕಿದರೂ ಬಾಯಿ ಬಿಡುವುದಿಲ್ಲ. ನಾನು ಮಾತ್ರ ಬೆಳಗ್ಗೆ ಕೆಂಪು ಟೋಪಿ ತೊಟ್ಟ ಮೊಟ್ಟೆಯನ್ನು ಅವನ ಮುಂದಿಟ್ಟು, ಅವನ ಬೋಳುತಲೆಗೊಂದು ಮುತ್ತು ಕೊಡುತ್ತೇನೆ.