ನನ್ನ ಎಡಗಿವಿಗೊಂದು ಜಾಗ

ಲಿಂಗಸುಗೂರಿನಿಂದ ಹೊರಟ ಬಸ್ಸು ಮಸ್ಕಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾದ ಮೇಲಂತೂ ಕೇಳುವುದೇ ಬೇಡ. ಮೊಮ್ಮಗಳ ಮುಖ ನೋಡಿ ಸಂಜೆಗೆ ವಾಪಸಾಗುವ ಗುರುಗುಂಟಾದ ಅಜ್ಜಿಯೂ ಕೈಯಲ್ಲಿ ಆಧಾರ್ ಕಾರ್ಡ್ ಹಿಡಿದು ಕಿಟಕಿ ಪಕ್ಕ ಕುಳಿತಿರುತ್ತಾಳೆ. ನಾನು ಮಸ್ಕಿಯಿಂದ ಆ ಬಸ್ಸಿನಲ್ಲೇ ಸಿಂಧನೂರಿನ ಡಿಗ್ರಿ ಕಾಲೇಜಿಗೆ ಹೋಗಿ ಬಂದು ಓದಿದವಳು. ಅಜ್ಜಿಯರ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಕರ್ಚೀಫಿನ ಮೇಲೆ.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ ಕಿಟಕಿಯಿಂದ ಕರ್ಚೀಫ್ ಒಗೆಯುತ್ತಾರೆ. ಕರ್ಚೀಫ್ ಇಲ್ಲದವರು ಟವೆಲ್ ಒಗೆಯುತ್ತಾರೆ, ಅದೂ ಇಲ್ಲದವರು ಕೈಚೀಲ. ಒಮ್ಮೆ ಬಟ್ಟೆ ಬಿತ್ತೆಂದರೆ ಸೀಟು ಅವರದು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕುಳಿತವನ ಮನೆತನದ ಜಾತಕವೆಲ್ಲ ಸಿಂಧನೂರು ಬರುವವರೆಗೆ ಬಿಚ್ಚಿಕೊಳ್ಳುತ್ತದೆ, ಬಸ್ಸಿಗೆ ಬಸ್ಸೇ ಕರ್ಚೀಫಿನವನ ಪರ ನಿಲ್ಲುತ್ತದೆ. ನನಗೋ ಗುರಿ ಇಟ್ಟು ಒಗೆಯುವ ಕಲೆ ಕೊನೆಯವರೆಗೂ ಬರಲಿಲ್ಲ. ಒಮ್ಮೆ ನನ್ನದು ನೇರ ಹೋಗಿ ಯಾರೋ ಹಿರಿಯರ ಬೋಳುತಲೆಯ ಮೇಲೆ ಕುಳಿತಿತ್ತು.

ಹೀಗಾಗಿ ನಿಂತೇ ಹೋಗುತ್ತಿದ್ದೆ. ನಿಲ್ಲುವುದಕ್ಕೆ ಬೇಸರವಿರಲಿಲ್ಲ, ತಡವಾಗುವುದೇ ಸಂಕಟ. ಸಿಂಧನೂರು ಹತ್ತಿರವಾದಂತೆ ಕಾಲುವೆ ನೀರಿನ ಗದ್ದೆಗಳು ಶುರುವಾಗುತ್ತವೆ, ಸುಗ್ಗಿಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರುಗಳು ರಸ್ತೆ ತಮ್ಮದೇ ಎಂಬಂತೆ ಮುಂದೆ ಮುಂದೆ ಸಾಗುತ್ತವೆ. ಹಿಂದಿನಿಂದ ನಮ್ಮ ಡ್ರೈವರು ಹಾರ್ನ್ ಒತ್ತಿದ್ದೇ ಒತ್ತಿದ್ದು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾನು ಕಾಲೇಜಿಗೆ ಓಡುತ್ತಿದ್ದೆ, ನಡೆದದ್ದು ನೆನಪಿಲ್ಲ.

ಓಡುವುದಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ ಕಿವಿ ಸೋರಿ ಸೋರಿ ನನ್ನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಚೆನ್ನಾಗಿದೆ. ಮನೆಯಲ್ಲಿ ಇದೊಂದು ವಿಷಯವೇ ಅಲ್ಲ, ಅಪ್ಪ ಅವ್ವ ಇಬ್ಬರೂ ತಮಗೇ ಗೊತ್ತಿಲ್ಲದಂತೆ ನನ್ನ ಎಡಕ್ಕೆ ಬಂದು ಮಾತಾಡುತ್ತಾರೆ. ಆದರೆ ಕಾಲೇಜು ಸೇರುವ ದಿನ ಅವ್ವ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದ್ದಳು: "ಕಿವಿ ವಿಷಯ ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ನಾಳಿ ಕನ್ಯಾ ನೋಡಾಕ ಬಂದವ್ರು ಅದೊಂದನ್ನ ಹಿಡಕೊಂಡು ಕೂಡ್ತಾರ." ನಾನು ಹ್ಞೂಂ ಅಂದಿದ್ದೆ. ಆಗ ನನಗೆ ಮದುವೆಗಿಂತ ಹೊಸ ಬ್ಯಾಗಿನ ಚಿಂತೆ ಹೆಚ್ಚಿತ್ತು.

ನಮ್ಮ ಕ್ಲಾಸಿನಲ್ಲಿ ಹುಡುಗಿಯರ ಬೆಂಚು ಎಡಗಡೆ, ರಸ್ತೆ ಕಡೆಯ ಕಿಟಕಿಗೆ ಹತ್ತಿಕೊಂಡು. ಹುಡುಗರದು ಬಲಗಡೆ. ಯಾರು ಹೀಗೆ ಮಾಡಿದರೋ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿದವರಿಲ್ಲ. ಮೇಷ್ಟರ ಟೇಬಲ್ಲು ಬಾಗಿಲ ಕಡೆಗೆ, ಅಂದರೆ ಹುಡುಗರ ಮುಂದೆ. ಹಾಗಾಗಿ ನನ್ನ ಒಳ್ಳೆಯ ಕಿವಿಗೆ ಇಡೀ ದಿನ ರಸ್ತೆಯ ಟ್ರ್ಯಾಕ್ಟರು, ಕೆಟ್ಟ ಕಿವಿಗೆ ಪಾಠ. ಮೊದಲ ಬೆಂಚಿನ ನಡುದಾರಿಯ ತುದಿಯಲ್ಲಿ ಕುಳಿತು, ಕತ್ತನ್ನು ಬಲಕ್ಕೆ ತಿರುಗಿಸಿ ಎಡಗಿವಿಯನ್ನು ಮುಂದೆ ಮಾಡಿದರೆ ಮಾತ್ರ ಮಾತು ಸಿಗುತ್ತಿತ್ತು. ಆ ಒಂದು ತುದಿಗಾಗಿ ನನ್ನ ಓಟ.

ಹಿಸ್ಟರಿ ಸರ್ ಮೆಲುದನಿಯವರು. ರಾಜರು ಯುದ್ಧಕ್ಕೆ ಹೊರಟಾಗಲೂ ಅವರ ದನಿ ಏರುತ್ತಿರಲಿಲ್ಲ. ಅವರ ಕ್ಲಾಸಿನಲ್ಲಿ ನಾನು ಕತ್ತನ್ನು ಇನ್ನಷ್ಟು ತಿರುಗಿಸಬೇಕಾಗುತ್ತಿತ್ತು, ತಿರುಗಿಸಿದಷ್ಟೂ ನನ್ನ ಮುಖ ನೇರವಾಗಿ ಹುಡುಗರ ಸಾಲಿಗೆ. ಎದುರು ಸಾಲಿನ ಹುಡುಗರು ಒಬ್ಬೊಬ್ಬರಾಗಿ ತಲೆ ಬಾಚಿಕೊಂಡು ಬರತೊಡಗಿದಾಗಲೂ ನನಗೆ ತಿಳಿಯಲಿಲ್ಲ. ನಾನು ನೋಡುತ್ತಿದ್ದದ್ದು ಅವರ ಹಿಂದಿನ ಗೋಡೆ.

ಒಂದು ದಿನ ಸರ್ ಪಾಠ ನಿಲ್ಲಿಸಿದರು.

"ಯವ್ವಾ, ಬೋರ್ಡ್ ಇಲ್ಲೈತಿ. ಅಲ್ಲೇನೈತಿ ಅಂತ ದಿನಾ ಆ ಕಡೆ ನೋಡಾಕತ್ತಿ?"

ಇಡೀ ಕ್ಲಾಸು ನಕ್ಕಿತು. ಅವರು ಗದರಿಸಲಿಲ್ಲ, ಅದೇ ಮೆಲುದನಿಯಲ್ಲಿ "ಸ್ವಲ್ಪ ದಿನ ಹಿಂದಿನ ಬೆಂಚಿನ್ಯಾಗ ಕೂಡ್ರು, ಲಕ್ಷ್ಯ ಬರ್ತೈತಿ" ಅಂದರು. ಪುಸ್ತಕ ಎತ್ತಿಕೊಂಡು ಹಿಂದೆ ಹೋದೆ. ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಹಿಂದಿನ ಬೆಂಚಿನಲ್ಲಿ ಫ್ಯಾನಿನ ಸದ್ದು ಬಿಟ್ಟು ನನಗೆ ಏನೂ ಕೇಳಿಸಲಿಲ್ಲ. ಸರ್ ಬಾಯಿ ಆಡುತ್ತಿತ್ತು, ಉಳಿದವರು ಬರೆಯುತ್ತಿದ್ದರು, ನಾನು ಪಕ್ಕದವಳ ಹಾಳೆಯತ್ತ ಇಣುಕುತ್ತಿದ್ದೆ. ಬೇಗ ಬಂದರೂ ಅಷ್ಟೇ, ತಡವಾದರೂ ಅಷ್ಟೇ. ಓಡುವುದನ್ನೇ ಬಿಟ್ಟೆ. ಕೊನೆಗೆ, ಮನೆಯಲ್ಲೇ ಕುಳಿತು ಓದಿ ಪರೀಕ್ಷೆ ಕಟ್ಟಿದರಾಯಿತು, ಕಾಲೇಜು ಸಾಕು ಎಂದು ಮನಸ್ಸು ಮಾಡಿದೆ.

ಅದನ್ನು ಮೊದಲು ಹೇಳಿದ್ದು ನನ್ನ ಗೆಳತಿಗೆ. ಅವಳದು ಸಿಂಧನೂರೇ, ಅವಳಪ್ಪನದು ಬಳೆ ಅಂಗಡಿ. ಕನ್ನಡದಲ್ಲಿ ಮಾತಾಡುತ್ತಿದ್ದವಳು ಸಿಟ್ಟು ಬಂದರೆ ಮನೆಯ ಉರ್ದುವಿಗೆ ಜಾರುತ್ತಿದ್ದಳು. ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು "ನಾಳಿಂದ ಬರಂಗಿಲ್ಲ" ಅಂದೆ.

"ನಕ್ಕೋ! ಬ್ಯಾಡ! ಯಾಕಲೇ?"

ಅವ್ವನಿಗೆ ಕೊಟ್ಟ ಮಾತು ಅಲ್ಲಿ ಮುರಿಯಿತು. ಕಿವಿಯ ಕತೆ ಹೇಳಿದೆ, ಕತ್ತು ತಿರುಗಿಸುವ ಕಾರಣ ಹೇಳಿದೆ. ಅಳಬಾರದೆಂದು ಎಷ್ಟು ಹಲ್ಲು ಕಚ್ಚಿದರೂ ಅಳು ಬಂತು. ಅವಳು ಕೇಳಿ ಮುಗಿಸಿ, ಹಣೆ ಹಣೆ ಬಡಿದುಕೊಂಡಳು.

"ಇಷ್ಟೇನಲೇ! ನೀ ಯಾರನ್ನ ನೋಡ್ತಿ ಅಂತ ನಾ ಆ ಸಾಲಿನ ಹುಡುಗರ್ನೆಲ್ಲ ಒಬ್ಬೊಬ್ಬರಂಗ ಪರೀಕ್ಷೆ ಮಾಡೀನಿ. ನೋಡುವಂಥ ಮುಖ ಒಂದೂ ಇಲ್ಲ! ನಿನ್ನ ಕಣ್ಣಿಗೆ ಏನರ ಆಗೈತೇನೋ ಅನ್ಕೊಂಡಿದ್ದೆ, ನೋಡಿದ್ರ ಕಿವಿ!"

ಅಳುತ್ತಿದ್ದವಳು ನಕ್ಕುಬಿಟ್ಟೆ. ಬಸ್ಸು ಬಂತು. ಹತ್ತುವಾಗ ಅವಳು ಹೇಳಿದ್ದು ಇಷ್ಟೇ: "ನಾಳಿ ಒಂದಿನ ಬಾ. ಆಮ್ಯಾಲ ಬೇಕಾದ್ದು ಮಾಡಕೋ."

ಮರುದಿನ ಬಸ್ಸು ಎಂದಿನಂತೆ ತಡ. ಕ್ಲಾಸಿನ ಬಾಗಿಲಿಗೆ ಬಂದಾಗ ಸರ್ ಟೇಬಲ್ಲಿನ ಹತ್ತಿರ ನಿಂತಿದ್ದರು, ಪಾಠ ಇನ್ನೂ ಶುರುವಾಗಿರಲಿಲ್ಲ. ಹುಡುಗರೆಲ್ಲ ಎಡಗಡೆ, ನಮ್ಮ ಕಿಟಕಿ ಪಕ್ಕ, ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದಾರೆ. ಹುಡುಗಿಯರೆಲ್ಲ ಬಲಗಡೆ. ಬಲಗಡೆಯ ಮೊದಲ ಬೆಂಚಿನಲ್ಲಿ ನನ್ನ ಗೆಳತಿ, ಅವಳ ಪಕ್ಕ ಖಾಲಿ ಜಾಗದಲ್ಲಿ ಒಂದು ಹೂವಿನ ಕರ್ಚೀಫ್.

ಆದದ್ದು ಹೀಗೆ. ಅವಳು ಬಾಗಿಲು ತೆರೆಯುವ ಹೊತ್ತಿಗೇ ಬಂದು ಬಲಗಡೆಯ ಎಲ್ಲ ಬೆಂಚಿಗೂ ಕರ್ಚೀಫ್, ದುಪಟ್ಟಾ, ಅಂಗಡಿಯ ಬಳೆ ಸುತ್ತುವ ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಸಿಬಿಟ್ಟಿದ್ದಳು. ಹುಡುಗರು ಬಂದರು, ನೋಡಿದರು, ಗೊಣಗಿದರು. ಆದರೆ ಎಲ್ಲರೂ ನಮ್ಮ ಬಸ್ಸುಗಳಲ್ಲೇ ಬೆಳೆದವರು. ಒಬ್ಬನಿಗೂ ಬೆಂಚಿನ ಮೇಲಿನ ಬಟ್ಟೆ ಎತ್ತುವ ಧೈರ್ಯವಾಗಲಿಲ್ಲ. ಪಾಮನಕಲ್ಲೂರಿನಿಂದ ಬರುವ ಒಬ್ಬ ಮಾತ್ರ "ಇದೇನು ಬಸ್ಸೇನ್ರಿ?" ಎಂದು ಕೇಳಿ, ತಾನೇ ಹೋಗಿ ಎಡಗಡೆ ಕುಳಿತನಂತೆ.

ಸರ್ ಕೇಳಿದರು, "ಏನಿದು, ಜಾಗ ಯಾಕ ಬದಲಾಗ್ಯಾವ?"

ಗೆಳತಿ ಎದ್ದು ನಿಂತಳು. "ಆ ಕಡೆ ಕಿಟಕಿಯಿಂದ ಬಿಸಿಲು ಬೀಳ್ತೈತ್ರಿ ಸರ, ತಡಕೊಳ್ಳಾಕ ಆಗವಲ್ದು."

ಉಳಿದ ಹುಡುಗಿಯರಿಗೂ ಅವಳು ಹೇಳಿದ್ದು ಅದನ್ನೇ ಎಂದು ಅವರು ತಲೆದೂಗಿದ್ದು ನೋಡಿ ತಿಳಿಯಿತು. ನನ್ನ ಗುಟ್ಟನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆದರೆ ಅವಳ ಗ್ರಹಚಾರ, ಅಂದು ಬೆಳಗಿನಿಂದ ಮೋಡ. ಸರ್ ಕಿಟಕಿಯ ಹೊರಗೆ ಬಗ್ಗಿ ನೋಡಿದರು.

"ಬಿಸಿಲು ಎಲ್ಲೈತವ್ವಾ? ಹೋಗ್ರಿ, ನಿಮ್ಮ ನಿಮ್ಮ ಜಾಗಕ್ಕ ಹೋಗ್ರಿ."

ಹುಡುಗಿಯರು ಬ್ಯಾಗು ಎತ್ತಿಕೊಳ್ಳತೊಡಗಿದರು. ಗೆಳತಿ ನನ್ನ ಕಡೆ ನೋಡಿದಳು. ಹೇಳು ಎನ್ನುವ ನೋಟವಲ್ಲ ಅದು, ಸೋತವಳ ನೋಟ. ನನಗದನ್ನು ತಡೆಯಲಾಗಲಿಲ್ಲ. ನಾನಿನ್ನೂ ಬಾಗಿಲಲ್ಲೇ ನಿಂತಿದ್ದೆ.

"ಸರ, ಅದು ನನ್ನ ಸಲುವಾಗಿರಿ. ನನಗ ಬಲಗಿವಿ ಕೇಳ್ಸಂಗಿಲ್ರಿ. ಈ ಕಡೆ ಕುಂತ್ರ ಎಡಗಿವಿಗೆ ನಿಮ್ಮ ಮಾತು ಬರ್ತೈತಿ. ಅದಕ್ಕ ಕತ್ತು ತಿರುಗಸ್ತಿದ್ದೆ, ಬ್ಯಾರೆ ಏನಿಲ್ರಿ."

ಒಂದೇ ಉಸಿರಿಗೆ ಹೇಳಿದೆ, ಜಗಳಕ್ಕೆ ನಿಂತವಳ ಹಾಗೆ. ಸರ್ ಕೈಯಲ್ಲಿನ ಸೀಮೆಸುಣ್ಣ ಟೇಬಲ್ಲಿನ ಮೇಲಿಟ್ಟರು.

"ಮತ್ತ ನಾ ನಿನ್ನ ಹಿಂದ ಕಳಿಸಿದ್ನಲ್ಲವ್ವಾ" ಅಂದರು. ಅವರ ಮುಖ ನೋಡಲಾಗಲಿಲ್ಲ ನನಗೆ. ಅಷ್ಟರಲ್ಲಿ ಪಾಮನಕಲ್ಲೂರಿನವನು ಎದ್ದು, "ಸರ, ನಾವು ಇಲ್ಲೇ ಇರ್ತೀವಿ ಬಿಡ್ರಿ, ಗಾಳಿ ಚೊಲೋ ಐತಿ" ಅಂದ. ಉಳಿದ ಹುಡುಗರೂ "ಹೌದ್ರಿ ಸರ, ಹೌದ್ರಿ" ಎಂದರು. ನಾನು ಅವರನ್ನು ನೋಡುತ್ತಿರಲಿಲ್ಲ ಎಂದು ತಿಳಿದ ಮೇಲೂ ಹಾಗೆ ಅಂದ ಆ ಹುಡುಗರ ಮೇಲೆ ನನಗೆ ಇವತ್ತಿಗೂ ಅಕ್ಕರೆ.

ಅವತ್ತಿನ ಪಾಠ ಪೂರ್ತಿ ಕೇಳಿಸಿತು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ಸೀಮೆಗಾಗಿ ಎರಡೂ ಕಡೆಯ ರಾಜರು ಮತ್ತೆ ಮತ್ತೆ ದಂಡು ತಂದ ಕತೆ. ಸರ್ ಮಾತಿನ ನಡುವೆ ಸಣ್ಣಗೆ ನಗುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ಸಂಜೆ ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೋಗಿ ಎದುರಿಗೆ ಕುಳಿತು ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ಎಲ್ಲಾರ ಮುಂದ?"

"ಹ್ಞೂಂ. ಹುಡುಗರ ಮುಂದನೂ."

ಬೈಗುಳ ಬರುತ್ತದೆಂದು ಕಾದೆ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು, ಅವಳು ಅದನ್ನೂ ತಿರುವಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಕೇಳ್ಸತು?"

"ಎಲ್ಲಾ ಕೇಳ್ಸತವ್ವಾ."

"ಏನ್ ಹೇಳಿದ್ರು, ನನಗೂ ಹೇಳು."

ಹೇಳಿದೆ. ಎಂದೂ ಕಾಲೇಜಿನ ಮೆಟ್ಟಿಲು ಹತ್ತದವಳು ರಾಜರ ಹೆಸರಿಗೆಲ್ಲ ತಲೆಯಾಡಿಸುತ್ತ ಕೇಳಿದಳು. "ಈ ಜಾಲಿಮುಳ್ಳಿನ ಭೂಮಿಗೆ ಇಷ್ಟು ಹೊಡದಾಟೇನು!" ಎಂದು ನಕ್ಕಳು. ಕೊನೆಗೆ ಯಾರು ಗೆದ್ದರು ಎಂದಳು. ಅದು ನಾಳಿನ ಪಾಠ ಅಂದೆ.

ಅವ್ವ ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು, ನನಗೆಂದು ಹೊಸ ಹಿಟ್ಟು ನಾದಲು ಶುರುಮಾಡಿದಳು. "ಹಂಗಾದ್ರ ನಾಳಿ ಲಗೂ ಎಬ್ಬಸ್ತೀನಿ" ಅಂದಳು. "ಮೊದಲಿನ ಬಸ್ಸಿಗೇ ಹೋಗು."